ಕೆಟಲ್‌ಗಾನ ಮೀಮಾಂಸೆ

ವಿಷಯ, ಸಂಶಯ, ಪೂರ್ವಪಕ್ಷ, ಸಿದ್ಧಾಂತ ಎಂಬ ಕ್ರಮ ಬಿಟ್ಟು ಹಿರಿಯರು ಯಾವುದನ್ನೂ ವಿಚಾರಿಸುತ್ತಿರಲಿಲ್ಲ. ಕೆಟಲ್ಲನ್ನೂ ಹಾಗೆಯೇ ವಿಚಾರಿಸತಕ್ಕದ್ದು. ವಿಷಯವೇನೆಂದರೆ, ಸ್ವಿಚ್ಚು ಒತ್ತಿದ ಸ್ವಲ್ಪ ಹೊತ್ತಿಗೆ ನೀರು ಜುಂಯ್ ಎನ್ನುತ್ತದೆ, ಆಮೇಲೆ ಬೊಬ್ಬಿಡುತ್ತದೆ, ಇನ್ನೇನು ಕುದಿ ಬಂತು ಎನ್ನುವಾಗ ದನಿ ತಗ್ಗಿಸುತ್ತದೆ. ಸಂಶಯ: ಸುಟ್ಟಷ್ಟೂ ಹೆಚ್ಚು ಕೂಗಬೇಡವೆ?

ಪೂರ್ವಪಕ್ಷಿಗಳು ಎರಡು ಬಗೆ. ನೀರೊಳಗಿನ ಗಾಳಿ ಹೊರಬೀಳುವ ಸದ್ದಿದು ಎನ್ನುವವರು ಮೊದಲಿಗರು. ಗಾಳಿ ಹೊರಬೀಳುವುದು ನಿಜ. ಮೊದಲು ಗೋಡೆಗಂಟಿ ಕೂರುವ ಸಾಸಿವೆಯಂಥ ಗುಳ್ಳೆಗಳು ಅವೇ. ಆದರೆ ಅವು ಸಭ್ಯಸ್ಥ ಗುಳ್ಳೆಗಳು, ಗದ್ದಲವಿಲ್ಲದೆ ಎದ್ದು ಹೋಗುತ್ತವೆ. ಎರಡನೆಯವರು ‘ತುಂಬಿದ ಕೊಡ ತುಳುಕುವುದಿಲ್ಲ’ ಎಂಬ ಗಾದೆಯನ್ನು ಪ್ರಮಾಣವಾಗಿ ತರುತ್ತಾರೆ. ಗಾದೆ ತಣ್ಣೀರಿನ ವ್ಯಾಪ್ತಿಗೆ ಸೇರಿದ್ದು. ವಜಾ.

ಇನ್ನು ಸಿದ್ಧಾಂತ. ತಳಕ್ಕೆ ತಾಗಿದ ನೀರು ಮೇಲಿನದಕ್ಕಿಂತ ಮೊದಲೇ ಕಾದು, ಲೋಹದ ಗೀರು ಕುಳಿಗಳಲ್ಲಿ ಆವಿಯ ಗುಳ್ಳೆ ಕಟ್ಟುತ್ತದೆ. ಆವಿಯಾದ ನೀರಿಗೆ ಮೊದಲಿಗಿಂತ 1,600 ಪಟ್ಟು ಹೆಚ್ಚು ಜಾಗ ಬೇಕು, ಹೊಸ ಸಿರಿ. ಉಬ್ಬಿದ ಗುಳ್ಳೆ ತುಸು ಮೇಲೇರುವಷ್ಟರಲ್ಲಿ ಇನ್ನೂ ಕಾಯದ ನೀರು ಎದುರಾಗುತ್ತದೆ. ಆವಿ ಮತ್ತೆ ನೀರಾಗುತ್ತದೆ, ಬರಿದಾದ ಜಾಗಕ್ಕೆ ಸುತ್ತಲ ನೀರು ನುಗ್ಗಿ ತನಗೆ ತಾನೇ ಡಿಕ್ಕಿ ಹೊಡೆದುಕೊಳ್ಳುತ್ತದೆ. ಬೊಬ್ಬೆ ಎಂದರೆ ಇಂಥ ಅಸಂಖ್ಯ ಡಿಕ್ಕಿಗಳ ಮೊತ್ತ.

ಇದು ಅಡುಗೆಮನೆಯ ಹರಟೆ ಎಂದು ಮೂಗು ಮುರಿಯುವವರು ಲಾರ್ಡ್ ರೇಲಿಯನ್ನು ನೆನೆಯಬೇಕು. 1904ರಲ್ಲಿ ನೊಬೆಲ್ ಪಡೆದವನು, ಇನ್ನಾದರೂ ಸುಮ್ಮನಿರಬಹುದಿತ್ತು. ಆದರೆ ಆಸ್ಬೋರ್ನ್ ರೆನಾಲ್ಡ್ಸ್ ಕೆಟಲಿನ ಸದ್ದನ್ನು ಬಣ್ಣಿಸಿದ್ದನ್ನು ಓದಿ ತಲೆಗೆ ಹುಳು ಬಿಟ್ಟುಕೊಂಡ. ಅಷ್ಟರಲ್ಲಿ ಚಾರ್ಲ್ಸ್ ಪಾರ್ಸನ್ಸ್ ತನ್ನ ಹಡಗಿನ ಪ್ರೊಪೆಲರಿನ ಹಿಂದಿನ ಗುಳ್ಳೆಗಳದ್ದೂ ಇದೇ ತಕರಾರು ಎಂದ. 1917ರಲ್ಲಿ, ಮಹಾಯುದ್ಧದ ನಡುವೆ, ಕುಸಿಯುವ ಗುಳ್ಳೆಯ ಗಣಿತ ಅಚ್ಚಾಯಿತು. ಕೆಟಲಿನ ಋಣವನ್ನು ರೇಲಿ ಮೊದಲ ಸಾಲಿನಲ್ಲೇ ಒಪ್ಪಿಕೊಂಡ. ಇಂದಿನ ವಿದ್ವಾಂಸರಲ್ಲಿ ಅಷ್ಟು ಪ್ರಾಮಾಣಿಕತೆ ವಿರಳ.

ನೀರೆಲ್ಲ ಒಂದೇ ಹದಕ್ಕೆ ಬಂದ ಮೇಲೆ ಗುಳ್ಳೆಗೆ ಕುಸಿಯುವ ಕಾರಣವಿಲ್ಲ. ನೇರ ಮೇಲೆ ಬಂದು ಕೊತಕೊತ ಎನ್ನುತ್ತದೆ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಮೇಲಿರುವ ಬೆಂಗಳೂರಿನಲ್ಲಿ 97 ಡಿಗ್ರಿಯ ಆಸುಪಾಸಿಗೇ ಇದು ಮುಗಿದುಹೋಗುತ್ತದೆ. ಮಂಗಳೂರಿನ ಕೆಟಲ್ ಇನ್ನೂ ಮೂರು ಡಿಗ್ರಿ ದುಡಿಯಬೇಕು. ಬಚ್ಚಲ ಹಂಡೆಯೂ ಹಾಡುವುದು ಇದೇ ರಾಗ, ವಿಲಂಬದಲ್ಲಿ.

ಉಪಸಿದ್ಧಾಂತ: ದನಿ ತಗ್ಗಿದ ಗಳಿಗೆಯೇ ಫಿಲ್ಟರಿಗೆ ನೀರು ಸುರಿಯುವ ಗಳಿಗೆ. ಪ್ರಯೋಗಕ್ಕೆಂದು ಮೂರು ಬೆಳಗ್ಗೆ ಕಣ್ಣು ಮುಚ್ಚಿ, ಕಿವಿಯನ್ನಷ್ಟೇ ನಂಬಿ ಕೂತೆ. ಎರಡು ದಿನ ಶಾಸ್ತ್ರ ಗೆದ್ದಿತು. ಮೂರನೆಯ ದಿನ ಬೊಬ್ಬೆ ಒಮ್ಮೆಲೇ ಅಡಗಿತು, ಸುರಿದೆ. ಕೆಳಗಿಳಿದ ಡಿಕಾಕ್ಷನ್ ತೆಳು ಚಹಾದ ಬಣ್ಣದಲ್ಲಿತ್ತು. ಆಗಲೇ ನಾನು ತಲೆಯೆತ್ತಿ ನೋಡಿದ್ದು: ಫ್ಯಾನೂ ನಿಂತಿತ್ತು.