ಡೊಂಬಿವಲಿ ಪ್ರಾಂತ್ಯದ ಜೀವಸಂಕುಲದ ಮೇಲೆ ಸೂರ್ಯಗ್ರಹಣದ ಪರಿಣಾಮ: ಒಂದು ಗ್ಯಾಲರಿ ಅಧ್ಯಯನ

ಪೀಠಿಕೆ: ಗ್ರಹಣ ಹಿಡಿದಾಗ ಪ್ರಾಣಿಪಕ್ಷಿಗಳು ದಿಕ್ಕೆಡುತ್ತವೆ ಎಂಬುದು ಲೋಕರೂಢಿ. ಠಾಣೆ, ಡೊಂಬಿವಲಿ, ಕಲ್ಯಾಣ, ನವಿ ಮುಂಬಯಿ ಎಂಬ ಚತುಷ್ಟಯ ಜನಪದದಲ್ಲಿ ಈ ರೂಢಿಯನ್ನು ಒರೆಗೆ ಹಚ್ಚಿದಾಗ, ದಿಕ್ಕೆಟ್ಟ ಪ್ರಾಣಿ ಒಂದೇ ಸಿಕ್ಕಿತು. ಅದಕ್ಕೆ ಕಾಲೆರಡು, ಕೈಯಲ್ಲಿ ಪಂಚಾಂಗ.

ಪೂರ್ವಸೂರಿಗಳು: 2017ರ ಆಗಸ್ಟ್ 21ರ ಖಗ್ರಾಸ ಗ್ರಹಣದಂದು ಅಮೆರಿಕದ ವಿಜ್ಞಾನಿಗಳು ಹೂಗಿಡಗಳ ಬಳಿ ಪುಟ್ಟ ಮೈಕುಗಳನ್ನಿಟ್ಟು ಕಿವಿಗೊಟ್ಟರು. ಸೂರ್ಯ ಪೂರ್ತಿ ಮುಚ್ಚಿದಾಗ ಜೇನು-ದುಂಬಿಗಳ ಝೇಂಕಾರ ಹೆಚ್ಚುಕಡಿಮೆ ನಿಂತೇಹೋಯಿತು. ಅದರ ಹಿಂದುಮುಂದಿನ ಪಾರ್ಶ್ವ ಗ್ರಹಣವನ್ನು ಅವು ಲೆಕ್ಕಕ್ಕೇ ಇಡಲಿಲ್ಲ. 1980ರ ಫೆಬ್ರವರಿ 16ರಂದು ಕಾರವಾರ, ಹುಬ್ಬಳ್ಳಿ, ರಾಯಚೂರುಗಳ ಮೇಲೆ ಖಗ್ರಾಸ ಹಾದುಹೋಯಿತು. ಮುಂಬಯಿಗೆ ದಕ್ಕಿದ್ದು ಪಾರ್ಶ್ವ ಮಾತ್ರ; ಬೀದಿಗಳು ಅಲ್ಲಿಯೂ ಬಿಕೋ ಎಂದವು. ದುಂಬಿಗಿರುವ ತಾರತಮ್ಯಜ್ಞಾನ ಮನುಷ್ಯನಿಗಿಲ್ಲ ಎಂಬ ಪ್ರಮೇಯಕ್ಕೆ ಇದೇ ಮೂಲಾಧಾರ.

ಉಪಕರಣ: ಬೂಂದಿ ಮಾಡುವ ತೂತಿನ ಸೌಟು. 2019ರ ಡಿಸೆಂಬರ್ 26ರ ಗ್ರಹಣದ ಬೆಳಿಗ್ಗೆ ಅದನ್ನು ಬಿಸಿಲಿಗೆ ಹಿಡಿದಾಗ, ಒಂದೊಂದು ತೂತಿಗೂ ಒಂದೊಂದು ಕುಡುಗೋಲಿನಂಥ ಸೂರ್ಯ ಗ್ಯಾಲರಿಯ ಗೋಡೆ ತುಂಬ ಮೂಡಿದ.

ಫಲಿತಾಂಶ: ಅಂದು 9.22ರ ಸುಮಾರಿಗೆ ಸೂರ್ಯಬಿಂಬದ ಮುಕ್ಕಾಲಕ್ಕೂ ಹೆಚ್ಚು ಮರೆಯಾಗಿತ್ತು. ಕಾಗೆ ಎ.ಸಿ. ಪೆಟ್ಟಿಗೆಯ ಮೇಲೆ ಕೂತು, ಸೂತಕಕ್ಕೆ ಹೆದರಿ ಮನೆಯವರು ಹೊರಹಾಕಿದ ಅನ್ನವನ್ನು ಸ್ಪರ್ಶಕಾಲ, ಮಧ್ಯಕಾಲ, ಮೋಕ್ಷಕಾಲಗಳಲ್ಲಿ ಸಮಪ್ರಮಾಣದಲ್ಲಿ ಸೇವಿಸಿತು.

ಠಾಣೆ ಖಾರಿಯ ರಾಜಹಂಸಗಳದ್ದು ಬೇರೆ ಪಂಚಾಂಗ. 2015ರಲ್ಲಿ ಅಭಯಾರಣ್ಯವಾಗಿ, 2022ರಲ್ಲಿ ರಾಮ್ಸರ್ ಪಟ್ಟಿ ಸೇರಿದ ಆ ಕೆಸರಿನಲ್ಲಿ ಊಟದ ಹೊತ್ತನ್ನು ನಿಗದಿ ಮಾಡುವುದು ಸಮುದ್ರದ ಇಳಿತ. ಸೂರ್ಯಗ್ರಹಣ ಬರುವುದೇ ಅಮಾವಾಸ್ಯೆಗೆ. ಅಮಾವಾಸ್ಯೆಗೆ ಇಳಿತ ಜೋರು. ಇಳಿತ ಜೋರಾದಷ್ಟೂ ಕೆಸರು ವಿಶಾಲ. ಮನುಷ್ಯ ಉಪವಾಸ ಕೂರುವ ದಿನ ಹಂಸಕ್ಕೆ ಎಲೆ ದೊಡ್ಡದು.

ಠಾಣೆಯ ಯೇವೂರು ಕಾಡಿನ ಚಿರತೆ ರಾತ್ರಿ ಪಾಳಿಯದು. ಗ್ರಹಣದ ಹೊತ್ತಿಗೆ ನಿದ್ರಿಸುತ್ತಿತ್ತೆಂದು ಊಹಿಸಲಾಗಿದೆ. ಸ್ಥಳಪರಿಶೀಲನೆಗೆ ಸಂಶೋಧಕರ ಮನೆಯಲ್ಲಿ ಅನುಮತಿ ಸಿಗಲಿಲ್ಲ.

ಮನುಷ್ಯರು ಪರದೆ ಎಳೆದರು, ಉಪ್ಪಿನಕಾಯಿ ಜಾಡಿಗೆ ದರ್ಭೆ ಹಾಕಿದರು, ಫ್ರಿಜ್ಜಿಗೂ ಒಂದು ಎಳೆ ಸೇರಿಸಿದರು. ಆದರೆ ಅಂದು ಗುರುವಾರ, ಆಫೀಸಿನ ದಿನ. ಸಿ.ಎಸ್.ಎಂ.ಟಿ. ಫಾಸ್ಟ್ ಲೋಕಲ್ ಬಂದು ನಿಂತಾಗ ಸೂತಕ ಪ್ಲಾಟ್‌ಫಾರಂನಲ್ಲೇ ಉಳಿಯಿತು.

2022ರ ಅಕ್ಟೋಬರ್ 25ರ ಸಂಜೆ ಸೂರ್ಯ ಗ್ರಹಣ ಹಿಡಿಸಿಕೊಂಡೇ ಮುಳುಗಿದ. ಹಕ್ಕಿಗಳು ಬೆಚ್ಚಿದ್ದು ನಿಜ. ಹಿಂದಿನ ರಾತ್ರಿಯಷ್ಟೇ ಲಕ್ಷ್ಮೀಪೂಜೆಯಾಗಿದ್ದರಿಂದ, ರಾಹುವಿಗಿಂತ ಪಟಾಕಿಯ ಮೇಲೆ ಗುಮಾನಿ ಹೆಚ್ಚು.

ಮುಂದಿನ ಸಂಶೋಧನೆ: 2027ರ ಆಗಸ್ಟ್ 2ರಂದು ಇಲ್ಲಿ ಮತ್ತೆ ಪಾರ್ಶ್ವ ಗ್ರಹಣ. ತೊಡಕೆಂದರೆ ಅದು ಆಷಾಢದ ಅಮಾವಾಸ್ಯೆ. ಕನ್ನಡದ ಮನೆಗಳಲ್ಲಿ ಭೀಮನ ಅಮಾವಾಸ್ಯೆಯ ಪತಿಪೂಜೆ. ಪಕ್ಕದ ಮರಾಠಿ ಮನೆಗಳಲ್ಲಿ, ಶ್ರಾವಣ ಹೊಕ್ಕುವ ಮುಂಚಿನ ಗುಂಡಿನ ಹಬ್ಬ ಗಟಾರಿ. ಅಂದು ಗಂಡಸರಲ್ಲಿ ಕಂಡುಬರುವ ಬಿಗುಮಾನವನ್ನೂ ತೂರಾಟವನ್ನೂ ಗ್ರಹಣದ ಲೆಕ್ಕಕ್ಕೆ ಬರೆಯತಕ್ಕದ್ದಲ್ಲ.