ಪಶ್ಚಿಮ ಬೆಂಗಳೂರಿನ ಶುಕಲಿಂಗನಿರ್ಣಯ ಮೀಮಾಂಸೆ

ಪ್ರಕೃತ ಪ್ರಬಂಧದ ಕ್ಷೇತ್ರವ್ಯಾಪ್ತಿ ಈಶಾನ್ಯಕ್ಕೆ ನವರಂಗ್ ಚಿತ್ರಮಂದಿರ, ನೈಋತ್ಯಕ್ಕೆ ಕೆಂಗೇರಿ ಉಪನಗರ. ಈ ಸೀಮೆಯ ಬಾಲ್ಕನಿ ಗ್ರಿಲ್ಲುಗಳಿಗೆ ನೇತುಬಿದ್ದ ಪಂಜರಗಳೇ ಆಕರಗ್ರಂಥಗಳು. ಪ್ರಮೇಯ ಒಂದೇ: ಒಳಗಿರುವುದು ಗಂಡೋ, ಹೆಣ್ಣೋ?

ಮೊದಲು ಮರದ ಹಸಿರು ಗಿಳಿಯನ್ನು ಬದಿಗಿಡೋಣ. ಅದರಲ್ಲಿ ಗಂಡಿನ ಕೊರಳಿಗೆ ಎರಡು-ಮೂರು ವರ್ಷಕ್ಕೆ ಕಪ್ಪು-ಗುಲಾಬಿ ಉಂಗುರ ಮೂಡುತ್ತದೆ, ಹೆಣ್ಣಿಗೆ ಮೂಡದು. (ತಾಳಿ ಗಂಡಿನ ಕೊರಳಲ್ಲಿರುವ ಕುಲವೆಂದು ತಿಳಿದರೆ ಮರೆಯದು.) ಎಳೆಯದಾದರೆ ಗಂಡೂ ಬೋಳುಕೊರಳೇ. ಆದರೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಂತೆ ಅದನ್ನು ಸಾಕುವುದೇ ಅಪರಾಧ. 2022ರ ತಿದ್ದುಪಡಿ ಅದನ್ನು ಎರಡನೇ ಅನುಸೂಚಿಗೆ ಏರಿಸಿದೆ. ಕೆಂಗೇರಿಯ ಮರದ ಕೆಳಗೆ ಕತ್ತೆತ್ತಿ ನಿಂತು ಅಧ್ಯಯನ ಮಾಡಬಹುದು. ಪಂಜರದಲ್ಲಿಟ್ಟವರು ಗಿಳಿಯ ಲಿಂಗ ಬಿಟ್ಟು ತಮ್ಮ ಜಾಮೀನು ವಿಚಾರಿಸತಕ್ಕದ್ದು.

ಉಳಿದದ್ದು ನಾವು 'ಲವ್ ಬರ್ಡ್ಸ್' ಎಂದು ಜೋಡಿ ಲೆಕ್ಕದಲ್ಲಿ ತರುವ ಬಜರಿಗಾರ್, ಆಸ್ಟ್ರೇಲಿಯದ ಪುಟ್ಟ ಗಿಳಿ. ಇದರ ಬಗ್ಗೆ ಬಸವೇಶ್ವರನಗರದ ಪಂಥ ಶಬ್ದಪ್ರಮಾಣವನ್ನು ನಂಬುತ್ತದೆ. 'ಜೋಡಿ ಸಾರ್, ಗ್ಯಾರಂಟಿ' ಎಂಬ ಅಂಗಡಿಯವನ ಮಾತೇ ಆಪ್ತವಾಕ್ಯ. ಅಂಗಡಿಯಲ್ಲಿ ಉಳಿದಿದ್ದದ್ದೇ ಎರಡು ಹಕ್ಕಿ ಎಂಬುದನ್ನು ಭಾಷ್ಯಕಾರರು ಗಮನಿಸಿಲ್ಲ.

ರಾಜಾಜಿನಗರದ ಹಿರಿಯರದು ಅನುಮಾನಪ್ರಮಾಣ: ಎಲ್ಲಿ ಹರಟೆಯೋ ಅಲ್ಲಿ ಹೆಣ್ಣು, ಅಡುಗೆಮನೆಯಲ್ಲಿರುವಂತೆ. ಬೆಳಗಿನ ವಾಕಿಂಗಿಗೆಂದು ಹೊರಟು ಪಾರ್ಕಿನ ಕಲ್ಲುಬೆಂಚಿನ ಮೇಲೆ ಬಿಸಿಲೇರುವವರೆಗೂ ಕೂತು ಅವರು ಇದನ್ನು ಪ್ರತಿಪಾದಿಸುತ್ತಾರೆ. ವಿಜಯನಗರದ ಗೃಹಿಣಿಯರ ಪ್ರತಿವಾದ: ಸುಮ್ಮನೆ ಬೆರಳು ಕಚ್ಚುವುದು ಗಂಡು, ದೃಷ್ಟಾಂತ ಮನೆಯಲ್ಲೇ ಇದೆ. ಹಕ್ಕಿ ಇಬ್ಬರಿಗೂ ದಕ್ಕಿಲ್ಲ. ಬಜರಿಗಾರ್‌ನಲ್ಲಿ ಬಾಯಿಬಡುಕ ಗಂಡು. ಜೋರಾಗಿ ಕಚ್ಚಿ ಪಂಜರದ ಯಜಮಾನಿಕೆ ನಡೆಸುವುದು ಸಾಮಾನ್ಯವಾಗಿ ಹೆಣ್ಣು.

ಇನ್ನು ಪ್ರತ್ಯಕ್ಷ. ಕೊಕ್ಕಿನ ಬುಡದಲ್ಲಿ, ಮೂಗಿನ ಹೊಳ್ಳೆಗಳಿರುವ ಮೇಣದಂಥ ಭಾಗ ನೋಡಿ. ಬಲಿತ ಗಂಡಿಗೆ ಅದು ಅಚ್ಚನೀಲಿ. ಹೆಣ್ಣಿಗೆ ಬಿಳಿಚು ಕಂದು. ಮೊಟ್ಟೆಯಿಡುವ ಕಾಲಕ್ಕೆ ಕಡುಕಂದಾಗಿ ಹಕ್ಕಳೆಗಟ್ಟುತ್ತದೆ. ಗಾಬರಿಯಾಗಿ ಮುಲಾಮು ಹಚ್ಚಬೇಡಿ. ನಾಲ್ಕು ತಿಂಗಳೊಳಗಿನ ಮರಿಗಳಲ್ಲಿ ಎರಡಕ್ಕೂ ಗುಲಾಬಿಯೇ. ಹೊಳ್ಳೆಯ ಸುತ್ತ ಬಿಳಿ ಬಳೆಯಿದ್ದರೆ ಹೆಣ್ಣೆಂದು ಶಂಕಿಸಬಹುದು. ಪೂರಾ ಹಳದಿ ಅಥವಾ ಪೂರಾ ಬಿಳಿ ಹಕ್ಕಿಯ ಗಂಡಿಗೆ ಮಾತ್ರ ಮುದುಕನಾದರೂ ಆ ಗುಲಾಬಿ ಹೋಗದು. ನೀಲಿಗಾಗಿ ಕಾದು ಕೂತ ಸಂಶೋಧಕರೇ ಮುದುಕರಾದಾರು.

ಅವಸರವಿದ್ದವರಿಗೆ ಡಿಎನ್‌ಎ ಪರೀಕ್ಷೆಯಿದೆ, ಬುಡಸಮೇತ ಕಿತ್ತ ಗರಿ ಸಾಕು. ಮನುಷ್ಯರಲ್ಲಿ ಎಕ್ಸ್-ವೈ ಜೋಡಿ ಗಂಡಾದರೆ, ಹಕ್ಕಿಗಳಲ್ಲಿ ಬೇರೆ ಬೇರೆ ವರ್ಣತಂತುಗಳ ಜೋಡಿ ಇರುವುದು ಹೆಣ್ಣಿಗೆ. ನಮ್ಮ ಭ್ರೂಣದ ಲಿಂಗ ಕೇಳುವುದನ್ನು 1994ರ ಕಾಯ್ದೆ ತಡೆದಿದೆ. ಗಿಳಿಯದನ್ನು ರಸೀದಿ ಸಮೇತ ಕೇಳಬಹುದು. ಫುಟ್‌ಪಾತಿನ ಗಿಳಿಶಾಸ್ತ್ರದವರೋ, ಹುಟ್ಟುವ ಮಗು ಗಂಡೋ ಹೆಣ್ಣೋ ಎಂದು ಗಿಳಿಯನ್ನೇ ಕೇಳುತ್ತಿದ್ದರು.

ಮೊಟ್ಟೆಯಿಟ್ಟದ್ದು ಹೆಣ್ಣು, ಇದರಲ್ಲಿ ಪಂಥಭೇದವಿಲ್ಲ. ಆದ್ದರಿಂದ ಪಕ್ಕದ್ದು ಗಂಡು ಎಂದು ಬಸವೇಶ್ವರನಗರದವರು ಸಾಧಿಸುವುದು ಶುದ್ಧ ಹೇತ್ವಾಭಾಸ. ಒಂಟಿ ಹೆಣ್ಣೂ ಮೊಟ್ಟೆಯಿಡುತ್ತದೆ. ಎರಡು ಹೆಣ್ಣು ಸೇರಿದರೂ ಇಡುತ್ತವೆ, ಮರಿ ಮಾತ್ರ ಆಗದು. 'ರಾಜ' ಮೊಟ್ಟೆಯಿಟ್ಟ ಮನೆಗಳಲ್ಲಿ ತುರ್ತಾಗಿ ಬೇಕಾದದ್ದು ಸುಣ್ಣದಂಶ. ಪಂಜರಕ್ಕೊಂದು ಕಟಲ್ ಬೋನ್ ಸಿಕ್ಕಿಸಿ. ಮರುನಾಮಕರಣದ ಮುಹೂರ್ತ ಆಮೇಲೆ ನೋಡೋಣ.