ಬೇಲಿ ಕಾಣದ ಕಣಜ

ಹ್ವಾಯ್ ಶೆಟ್ರೆ, ಆ ಸ್ಪ್ರೇ ಕ್ಯಾನ್ ಒಂಚೂರು ಕೆಳಗಿಡಿ ಮಾರಾಯ್ರೆ. ನಿಮ್ಮ ತೆಂಗಿನ ಗರಿ ಮಸಿ ಬಳಿದ ಹಾಗೆ ಕಪ್ಪಾದದ್ದು ನನಗೂ ಕಾಣುತ್ತದೆ. ಅದರ ಅಂಟು ಬೇಲಿ ದಾಟಿ ನಮ್ಮ ಬಸಳೆ ಚಪ್ಪರದ ಮೇಲೂ ಬಿದ್ದಿದೆ. ಆದರೆ ಮದ್ದು ಬೆರೆಸುವ ಮುಂಚೆ ಕೆಳಗಿನ ಒಂದು ಗರಿ ಕಡಿದು ಅದರ ಅಡಿ ನೋಡುವ.

ಕಾಣಿ, ಈ ಬಿಳಿ ಹಿಟ್ಟಿನ ಸುರುಳಿ ಬಿಳಿನೊಣದ್ದು. ಈ ಜಾತಿಯ ಮೂಲ ಮಧ್ಯ ಅಮೆರಿಕದ ಕಡೆ. ನಮ್ಮ ದೇಶದಲ್ಲಿ ಮೊದಲು ಕಂಡದ್ದು 2016ರಲ್ಲಿ, ಪೊಳ್ಳಾಚಿ, ಪಾಲಕ್ಕಾಡಿನ ತೋಟಗಳಲ್ಲಿ. ರಸ ಹೀರಿ ಸಿಹಿ ಅಂಟು ಸುರಿಸುತ್ತದೆ, ಅಂಟಿನ ಮೇಲೆ ಕಪ್ಪು ಬೂಸ್ಟು ಬರುತ್ತದೆ. ಇನ್ನು ಮರಿಗಳನ್ನು ನೋಡಿ: ಕೆಲವು ಬಿಳಿ, ಕೆಲವು ಕರಿ. ಕರಿಯಾದವುಗಳ ಒಳಗೆ ಎನ್ಕಾರ್ಸಿಯಾ ಎಂಬ ಕಣಜ ಮೊಟ್ಟೆ ಇಟ್ಟಿದೆ. ಅದರ ಮರಿ ನೊಣದ ಮರಿಯನ್ನು ಒಳಗಿಂದಲೇ ತಿಂದು ಬೆಳೆದು, ದುಂಡನೆಯ ತೂತು ಕೊರೆದು ಹೊರಬೀಳುತ್ತದೆ. ಸಾಸಿವೆ ಕಾಳಿಗಿಂತ ಸಣ್ಣ ಜೀವ. ಕಾಸರಗೋಡಿನ ತೋಟದ ಬೆಳೆಗಳ ಸಂಶೋಧನಾ ಕೇಂದ್ರದವರು ಈ ನೊಣಕ್ಕೆ ಕೀಟನಾಶಕ ಹೊಡೆಯಬೇಡಿ ಎನ್ನುವುದು ಇದಕ್ಕೇ. ಮದ್ದು ಬಿದ್ದರೆ ಮೊದಲು ಸಾಯುವುದು ಕಣಜ. ಗರಿಯ ಅಡಿಯಲ್ಲಿ ಉಳಿದ ನೊಣ ಮತ್ತೆ ಹೆಚ್ಚುತ್ತದೆ, ಆಗ ಅದನ್ನು ತಿನ್ನುವವರು ಯಾರೂ ಇರುವುದಿಲ್ಲ.

"ಹಂಗಾರೆ ನೀವ್ ಅಡ್ಕಿ ಮರಕ್ಕೆ ಮೈಲುತುತ್ತು ಹೊಡುದ್ ಎಂತಕ್ಕೆ?" ಅಂದಿರಲ್ಲ, ಅದು ಕೇಳಬೇಕಾದ ಮಾತೇ. ಕೊಳೆರೋಗಕ್ಕೆ ನಮ್ಮ ಮಳೆಯಲ್ಲಿ ಕಾವಲು ಕಾಯುವ ಹುಳವಿಲ್ಲ, ಹಕ್ಕಿಯಿಲ್ಲ. 1910ರ ಸುಮಾರಿಗೆ ಮೈಸೂರು ಸಂಸ್ಥಾನದ ಲೆಸ್ಲಿ ಕೋಲ್ಮನ್ ಮಲೆನಾಡಿನ ತೋಟಗಳಲ್ಲಿ ಈ ರೋಗದ ಜಾಡು ಹಿಡಿದು ಬೋರ್ಡೋ ದ್ರಾವಣವನ್ನು ರೂಢಿಗೆ ತಂದರು. ಇವತ್ತಿಗೂ ಅದೇ ಗತಿ: ಮೈಲುತುತ್ತು 1 ಕಿಲೋ, ಸುಣ್ಣ 1 ಕಿಲೋ, ನೀರು 100 ಲೀಟರ್. ಉಜ್ಜಿದ ಕಬ್ಬಿಣದ ಕತ್ತಿ ಅದ್ದಿದಾಗ ಕೆಂಪು ಲೇಪ ಹಿಡಿದರೆ ಸುಣ್ಣ ಸಾಲದು ಎಂದರ್ಥ. ಮಳೆ ಹಿಡಿಯುವ ಮುಂಚೆ ಒಮ್ಮೆ, ಮತ್ತೆ ನಲವತ್ತೈದು ದಿನದ ಆಸುಪಾಸಿನಲ್ಲಿ ಒಮ್ಮೆ ಹೊಡೆದರಾಯಿತು. ಸುಮ್ಮನೆ ಧೈರ್ಯಕ್ಕೆ ಅಂತ ಇನ್ನೊಂದು ಸುತ್ತು ಹೊಡೆಸುವುದನ್ನು ಮಾತ್ರ ನಾನು ಒಪ್ಪುವುದಿಲ್ಲ, ತಾಮ್ರ ಬುಡದ ಮಣ್ಣಿನಲ್ಲೇ ಕೂರುತ್ತದೆ.

ಬೈಲು ಗದ್ದೆಯ ಕತೆ ಬೇರೆ. ಯೂರಿಯಾ ಹೆಚ್ಚಿದಷ್ಟೂ ಕಂದು ಜಿಗಿಹುಳಕ್ಕೆ ಹಬ್ಬ. ಮಳೆಗಾಲ ಕಳೆದು ಕೊಡಿಹಬ್ಬದ ಹೊತ್ತಿಗೆ ಕೊಯ್ಲು ಮುಗಿಸಿ ಉದ್ದು, ನೆಲಗಡಲೆ ಬಿತ್ತುತ್ತೇವಲ್ಲ, ಅವುಗಳ ಬೇರಿನ ಗಂಟು ಗಾಳಿಯ ಸಾರಜನಕವನ್ನು ಹಿಡಿದು ಮಣ್ಣಿಗೆ ಕೊಡುತ್ತದೆ. ಆ ಲೆಕ್ಕ ಹಿಡಿಯದೆ ಯೂರಿಯಾ ಚೀಲ ತರುತ್ತೇವೆ. ಮೇಲಿಂದ ಮದ್ದು ಹೊಡೆದರೆ ಜಿಗಿಹುಳ ತಿನ್ನುವ ಜೇಡ ಸಾಯುತ್ತದೆ, ಪೈರಿನ ಬುಡದ ಸೋಗೆಯೊಳಗಿನ ಜಿಗಿಹುಳದ ಮೊಟ್ಟೆ ಉಳಿಯುತ್ತದೆ. ಇಂಡೊನೇಷ್ಯಾದಲ್ಲಿ ಇದರಿಂದ ಎಷ್ಟು ಗದ್ದೆ ಹಾಳಾಯಿತೆಂದರೆ, 1986ರಲ್ಲಿ ಅಲ್ಲಿನ ಸರ್ಕಾರ ಭತ್ತಕ್ಕೆ 57 ಕೀಟನಾಶಕ ನಿಷೇಧಿಸಿ, ಸಹಾಯಧನವನ್ನೂ ಕ್ರಮೇಣ ನಿಲ್ಲಿಸಿತು. ಫಸಲು ಕುಸಿಯಲಿಲ್ಲ.

ಅಷ್ಟು ದೂರ ಯಾಕೆ, ಇದೇ ಕರಾವಳಿಯ ಕಾಸರಗೋಡಿನಲ್ಲಿ ಗೇರು ತೋಪಿಗೆ ಎರಡು ದಶಕ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದರು. ಚಿಗುರು, ಹೂಗೊಂಚಲಿನ ರಸ ಹೀರುವ, ಟೀ ಸೊಳ್ಳೆ ಎಂದು ಕರೆಯುವ ಒಂದು ತಿಗಣೆಗಾಗಿ ಅಷ್ಟೆಲ್ಲ. ಗೇರು ಮರದ ಚಗಳಿ ಇರುವೆ ಅದೇ ಸೊಳ್ಳೆಯನ್ನು ಹಿಡಿದು ತಿನ್ನುತ್ತದೆ. ವಿಷ ಬಾವಿಗೆ, ತೋಡಿಗೆ, ತೋಪಿನ ಕೆಳಗಿನ ಮನೆಗಳಿಗೆ ಇಳಿಯಿತು. ಸುಪ್ರೀಂ ಕೋರ್ಟ್ ಆ ವಿಷವನ್ನು ದೇಶದೆಲ್ಲೆಡೆ ತಡೆದದ್ದು 2011ರಲ್ಲಿ. ಅಷ್ಟರಲ್ಲಿ ಊನದೊಂದಿಗೆ ಹುಟ್ಟಿದ ಕೆಲವು ಮಕ್ಕಳನ್ನು ಈಗಲೂ ಅಪ್ಪ ಅಮ್ಮ ಎತ್ತಿಕೊಂಡೇ ಆಸ್ಪತ್ರೆಗೆ ಹೋಗುತ್ತಾರೆ. ಗೇರು ಬೆಳೆದವರ ಲಾಭ, ಪಕ್ಕದ ಮನೆಯವರ ಪಾಡು. ನನಗೆ ಅದನ್ನು ಮರೆಯಲು ಆಗುವುದಿಲ್ಲ ಶೆಟ್ರೆ.

"ಮಳಿ ಬಪ್ಪೊತನಕ ಫಸಲ್ ಕಮ್ಮಿ ಆರೆ ಎಂತ ಮಾಡುದ್?" ಹೌದು, ಸ್ವಲ್ಪ ಇಳಿಯಬಹುದು, ಇಲ್ಲ ಎನ್ನಲಾರೆ. ಕೈಗೆಟಕುವ ಗರಿಗಳಿಗೆ ತೆಳು ಗಂಜಿಯಂಥ ಪಿಷ್ಟದ ನೀರು ಸಿಂಪಡಿಸುವ, ಒಣಗಿದ ಮೇಲೆ ಬೂಸ್ಟು ಹಕ್ಕಳೆಯಾಗಿ ಉದುರುತ್ತದೆ. ಜೋರು ಮಳೆ ಹಿಡಿದರೆ ನೊಣ ತಾನೇ ತಗ್ಗುತ್ತದೆ. ಅಲ್ಲಿಯವರೆಗೆ ನಿಮ್ಮ ಮರದಲ್ಲಿ ಹುಟ್ಟಿದ ಕಣಜ ನಮ್ಮ ಮರಕ್ಕೆ ಬರುತ್ತದೆ, ನಮ್ಮದು ನಿಮ್ಮದಕ್ಕೆ. ನೀವು ಹೊಡೆದರೆ ನನ್ನ ಕಣಜವೂ ಸಾಯುತ್ತದೆ. ನೀವೊಬ್ಬರು ತಡೆದುಕೊಂಡರೂ ಸಾಲದು, ಅದೇ ಇದರ ಕಷ್ಟ.

ಆಚೆ ಮನೆಯವರೂ ನಿನ್ನೆ ಇದೇ ಮದ್ದು ತಂದಿಟ್ಟಿದ್ದಾರಂತೆ. ಈಗಲೇ ಹೋಗಿ ಅವರ ಹತ್ತಿರ ಮಾತಾಡಿ ಬರುವ, ನೀರಿಗೆ ಬೆರೆಸಿದ ಮೇಲೆ ಚೆಲ್ಲಲು ಯಾರಿಗೂ ಮನಸ್ಸು ಬರುವುದಿಲ್ಲ.